ಕತ್ತರಿ ನಮಗೆ, ಕಾಗದ ಕಸದ ಬುಟ್ಟಿಗೆ

ನಾಳೆ ಸಂಜೆ ನಿಮ್ಮ ಹಾಸ್ಟೆಲಿನ ಹತ್ತಿರ ಇರುವ ಔಷಧಿ ಅಂಗಡಿ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ತಿಂಗಳಿಗಾಗುವಷ್ಟು ಮದ್ದು ಕೊಳ್ಳುವ ಶಕ್ತಿ ಇದ್ದವರು ಬಂದರೆ ಡಬ್ಬಿ ಹಾಗೇ ಕೈಗೆ ಬರುತ್ತದೆ. ಕೂಲಿ ಮುಗಿಸಿಕೊಂಡು ಬಂದ ನಮ್ಮ ಅಪ್ಪನೋ ಅವ್ವನೋ ಸೊಂಟದ ಚೀಲ ಬಿಚ್ಚಿ "ಎರಡು ಮಾತ್ರೆ ಕೊಡಿ ಸಾಮಿ" ಅಂದರೆ ಕತ್ತರಿ ಹೊರಗೆ ಬರುತ್ತದೆ. ಕಚಕ್! ಹತ್ತು ಮಾತ್ರೆಯ ಪಟ್ಟಿಯಲ್ಲಿ ಎರಡು ನಮ್ಮ ಕೈಗೆ. ಮದ್ದಿನ ಹೆಸರು ಅರ್ಧ ನಮ್ಮ ಕಡೆ, ಅರ್ಧ ಅಂಗಡಿ ಕಡೆ. ಯಾವಾಗ ಕೆಡುತ್ತದೆ ಎನ್ನುವ ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯಿತು. ಡಬ್ಬಿಯೊಳಗೆ ಏಳೆಂಟು ಮಡಿಕೆ ಮಾಡಿ ಇಟ್ಟಿದ್ದ ತೆಳ್ಳನೆ ಕಾಗದ? ಅದು ಬೆಳಿಗ್ಗೆ ಡಬ್ಬಿ ಒಡೆದಾಗಲೇ ಕಸದ ಬುಟ್ಟಿಗೆ ಹೋಗಿದೆ.

ಇದನ್ನು ನಾವು ದಿನಾ ನೋಡುತ್ತೇವೆ. ನೋಡಿ ನೋಡಿ ಇದೊಂದು ಅನ್ಯಾಯ ಅಂತ ಅನ್ನಿಸುವುದೇ ನಿಂತುಹೋಗಿದೆ. ಆ ಕಾಗದ ಯಾರದು? ಅದನ್ನು ಕಸಕ್ಕೆ ಹಾಕುವ ಹಕ್ಕು ಯಾರು ಯಾರಿಗೆ ಕೊಟ್ಟರು? ಇಷ್ಟೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮಗೆ ಪುಸ್ತಕ ಓದಿ ಹುಟ್ಟಿದ್ದಲ್ಲ. ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಒಬ್ಬ ಗೆಳೆಯನ ಅವ್ವನಿಗೆ ಕ್ಷಯ ಬಂತು. ಮಾತ್ರೆ ಪುಕ್ಕಟೆ ಸಿಕ್ಕಿತು. ನುಂಗಿದ ಮೊದಲನೆ ವಾರದಲ್ಲೇ ಮೂತ್ರ ಕೆಂಪಗೆ ಬಂತು. ರಕ್ತ ಹೋಗ್ತಾ ಇದೆ ಅಂದುಕೊಂಡಳು. ಯಾರಿಗೆ ಹೇಳುವುದು? ಗಂಡಸು ಕಾಂಪೌಂಡರನ ಮುಂದೆ ನಿಂತು ಇಂಥಾ ಮಾತು ಹೇಳೋಕೆ ನಾಚಿಕೆ. ಪಕ್ಕದ ಮನೆಯಾಕೆ, "ಮಾತ್ರೆ ಒಳಗೊಳಗೇ ಸುಡ್ತಾ ಅದೆ ಕಣಕ್ಕ, ಬುಟ್ಬುಡು" ಅಂದಳು. ಅವ್ವ ಬಿಟ್ಟಳು. ಮಗನಿಗೆ ಗೊತ್ತಾಗಬಾರದು ಅಂತ ಮಿಕ್ಕ ಮಾತ್ರೆಗಳನ್ನು ರಾಗಿ ಮಡಕೆಯೊಳಗೆ ಬಚ್ಚಿಟ್ಟಳು. ಕೆಲವು ತಿಂಗಳಾದ ಮೇಲೆ ಕೆಮ್ಮಿನಲ್ಲಿ ನಿಜವಾದ ರಕ್ತ ಬಂತು. ಅಷ್ಟೊತ್ತಿಗೆ ಹಳೆಯ ಮದ್ದಿಗೆ ರೋಗ ಬಗ್ಗದೆ ಹೋಗಿತ್ತು. ಅವ್ವ ಉಳಿಯಲಿಲ್ಲ.

ಆಮೇಲೆ ನಮ್ಮ ಗೆಳೆಯ ಒಂದು ಔಷಧಿ ಪುಸ್ತಕದಲ್ಲಿ ರಿಫಾಂಪಿಸಿನ್ ಅಂತ ಹುಡುಕಿದ. ಅಲ್ಲಿ ಒಂದು ಸಾಲು ಇತ್ತು. ಈ ಮದ್ದು ತೆಗೆದುಕೊಂಡಾಗ ಮೂತ್ರ, ಬೆವರು, ಕಣ್ಣೀರು, ಉಗುಳು ಕೆಂಪು ಇಲ್ಲವೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಕೇಡಿಲ್ಲ ಅಂತ. ಒಂದೇ ಸಾಲು. ಮದ್ದು ಮಾಡಿದವನಿಗೆ ಗೊತ್ತಿದ್ದ ಸಾಲು. ಮದ್ದು ಬರೆದವನಿಗೆ, ಎಣಿಸಿ ಕೊಟ್ಟವನಿಗೆ ಗೊತ್ತಿದ್ದ ಸಾಲು. ನುಂಗಿದವಳಿಗೆ ಮಾತ್ರ ಗೊತ್ತಿರಲಿಲ್ಲ.

ಗೆಳೆಯರೆ, ಆ ಅವ್ವ ಮೂಢನಂಬಿಕೆಯಿಂದ ಸತ್ತಳು ಅಂತ ಬರೆಯುವವರು ಬರೆದುಕೊಳ್ಳಲಿ. ಮೂತ್ರ ಕೆಂಪಾದರೆ ಹೆದರುವುದು ಮೂಢತನವಲ್ಲ, ಬುದ್ಧಿ ಇರುವ ಯಾರಾದರೂ ಹೆದರುತ್ತಾರೆ. ಅವಳನ್ನು ಕೊಂದದ್ದು ಕ್ಷಯ ಒಂದೇ ಅಲ್ಲ. ಗೊತ್ತಿದ್ದವರು ಬಾಯಿ ಬಿಡದೆ ಇದ್ದದ್ದೂ ಕೊಂದಿದೆ.

ಆ ಕಾಗದದಲ್ಲಿ ಏನಿದೆ?

ಇಂಗ್ಲಿಷಿನಲ್ಲಿ ಅದಕ್ಕೆ ಪ್ಯಾಕೇಜ್ ಇನ್ಸರ್ಟ್ ಅಂತಾರೆ. ಮದ್ದು ಯಾವ ಕಾಯಿಲೆಗೆ, ಎಷ್ಟು, ಯಾವ ರೀತಿ ತೆಗೆದುಕೊಳ್ಳಬೇಕು. ಯಾರಿಗೆ ಕೊಡಲೇಬಾರದು. ಯಾವುದರಲ್ಲಿ ಎಚ್ಚರ ಬೇಕು. ಬೇರೆ ಯಾವ ಮದ್ದಿನ ಜೊತೆ ಸೇರಿದರೆ ಕೆಡುತ್ತದೆ. ಬಸುರಿ ಬಾಣಂತಿಯರು ತೆಗೆದುಕೊಳ್ಳಬಹುದೆ. ತೆಗೆದುಕೊಂಡ ಮೇಲೆ ವಾಹನ ಓಡಿಸಬಹುದೆ, ಯಂತ್ರದ ಮುಂದೆ ನಿಲ್ಲಬಹುದೆ. ಏನೇನು ಅಡ್ಡ ಪರಿಣಾಮ. ಮಿತಿ ಮೀರಿ ನುಂಗಿದರೆ ಏನು ಮಾಡಬೇಕು. ಹೇಗೆ ಕಾಪಾಡಿಡಬೇಕು. ಇಷ್ಟೂ ಅಲ್ಲಿರಬೇಕು. ಇದನ್ನು ನಾವು ಕಟ್ಟಿ ಹೇಳುತ್ತಿಲ್ಲ. 1940ರ ಔಷಧ ಕಾಯಿದೆಯ ಕೆಳಗೆ ಬಂದ 1945ರ ಡ್ರಗ್ಸ್ ರೂಲ್ಸ್‌ನಲ್ಲಿ, ಆಮದು ಔಷಧಿಗಳ ಬಗ್ಗೆ ಇರುವ ಷೆಡ್ಯೂಲ್ ಡಿ-2ರಲ್ಲಿ, ಈ ತಲೆಬರಹಗಳನ್ನು ಒಂದೊಂದಾಗಿ ಎಣಿಸಿ ಹೇಳಿದೆ.

ಅದೇ ಷೆಡ್ಯೂಲಿನಲ್ಲಿ ಇನ್ನೊಂದು ಮಾತಿದೆ. ಈ ಕಾಗದ ಇಂಗ್ಲಿಷಿನಲ್ಲಿ ಇರತಕ್ಕದ್ದು!

ಅಷ್ಟು ಸಾಲದು ಎಂಬಂತೆ ಎಷ್ಟೋ ಕಾಗದಗಳ ನೆತ್ತಿಯ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ. ನೋಂದಾಯಿತ ವೈದ್ಯರು, ಆಸ್ಪತ್ರೆ ಅಥವಾ ಲ್ಯಾಬೊರೇಟರಿಯ ಉಪಯೋಗಕ್ಕೆ ಮಾತ್ರ. ಮದ್ದು ಇಳಿಯುವುದು ನಮ್ಮ ಗಂಟಲೊಳಗೆ. ದುಡ್ಡು ನಮ್ಮದು. ಅಡ್ಡ ಪರಿಣಾಮವೂ ನಮ್ಮದೇ. ಅದರ ವಿವರ ಮಾತ್ರ ನಮ್ಮದಲ್ಲ. ಇಂಥ ಬೋರ್ಡನ್ನು ನಮ್ಮ ಅಜ್ಜಂದಿರು ದೇವಸ್ಥಾನದ ಬಾಗಿಲಲ್ಲಿ ನೋಡಿದ್ದರು, ಬಾವಿಯ ಕಟ್ಟೆಯಲ್ಲಿ ನೋಡಿದ್ದರು. ನಾವು ಮಾತ್ರೆ ಡಬ್ಬಿಯೊಳಗೆ ನೋಡುತ್ತಿದ್ದೇವೆ.

ಮಹಾಡದ ಕೆರೆಯನ್ನು ನೆನಪು ಮಾಡಿಕೊಳ್ಳಿ. 1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಬೋಲೆಯವರ ಠರಾವು ಪಾಸಾಗಿ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದವು ಎಂದಾಯಿತು. ಮಹಾಡದ ಪುರಸಭೆಯೂ ಒಪ್ಪಿತು. ಕಾಗದದ ಮೇಲೆ ಕೆರೆ ತೆರೆದಿತ್ತು. ಆದರೆ ನಮ್ಮವರ ಬೊಗಸೆಗೆ ಒಂದು ತೊಟ್ಟು ನೀರು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ಹೋಗಿ ನೀರು ಮುಟ್ಟಿದಾಗಲೇ ಆ ಠರಾವಿಗೆ ಜೀವ ಬಂದದ್ದು. ಕಾನೂನಿನಲ್ಲಿ ಇರುವುದು ಬೇರೆ, ಕೈಗೆ ಬರುವುದು ಬೇರೆ. ನಡುವಿನ ದಾರಿಯನ್ನು ನಾವೇ ನಡೆಯಬೇಕು, ಬೇರೆ ಯಾರೂ ನಮ್ಮ ಪರವಾಗಿ ನಡೆಯುವುದಿಲ್ಲ.

ಅಂಗಡಿಯ ಬೋರ್ಡನ್ನು ಓದಲು ಕಲಿಯಿರಿ

ಈಗ ಪುಸ್ತಕದ ವಿಷಯ. ಔಷಧಿ ಅಂಗಡಿಗಳೆಲ್ಲ ಒಂದೇ ಅಂದುಕೊಂಡಿದ್ದೇವೆ. ಕಾಯಿದೆಯ ಕಣ್ಣಲ್ಲಿ ಹಾಗಲ್ಲ. ಔಷಧಿಯನ್ನು ತಾನೇ ಬೆರೆಸಿ ತಯಾರಿಸಿ ಕೊಡುವ ಅಂಗಡಿ ಮಾತ್ರ ಫಾರ್ಮಸಿ ಎಂದು ಬೋರ್ಡು ಹಾಕಬಹುದು. ಫಾರ್ಮಸಿಸ್ಟ್ ಇದ್ದು, ಸಿದ್ಧ ಔಷಧಿಯನ್ನಷ್ಟೇ ಮಾರುವುದು ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್. ಫಾರ್ಮಸಿ ಎನ್ನಿಸಿಕೊಳ್ಳಲು ಏನೇನು ಇರಬೇಕು ಅಂತ ಷೆಡ್ಯೂಲ್ ಎನ್ ಹೇಳುತ್ತದೆ. ತಕ್ಕಡಿ, ಗಾಜಿನ ಅಳತೆ ಪಾತ್ರೆಗಳ ಜೊತೆಗೆ ಪುಸ್ತಕಗಳ ಪಟ್ಟಿಯೂ ಅದರಲ್ಲಿದೆ. ಇಂಡಿಯನ್ ಫಾರ್ಮಕೋಪಿಯದ ಹೊಸ ಆವೃತ್ತಿ, ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾದ ಹೊಸ ಆವೃತ್ತಿ, ಔಷಧ ಕಾಯಿದೆ ಮತ್ತು ಅದರ ನಿಯಮ, 1948ರ ಫಾರ್ಮಸಿ ಕಾಯಿದೆ. ಇವು ಅಲ್ಲಿರಬೇಕು.

ಅಂದರೆ ಪುಸ್ತಕ ಇಲ್ಲದೆ ಮದ್ದು ಕೊಡಬಾರದು ಅನ್ನುವ ಅರಿವು ಸರ್ಕಾರಕ್ಕೆ ಇದ್ದೇ ಇದೆ. ಆದರೆ ಇವತ್ತು ಮದ್ದನ್ನು ಅರೆದು ಬೆರೆಸಿ ಕೊಡುವವರು ಎಷ್ಟು ಜನ? ನಮ್ಮ ಪೇಟೆ ಬೀದಿಯಲ್ಲಿ ಇರುವುದೆಲ್ಲ ಸಿದ್ಧ ಮಾತ್ರೆ ಮಾರುವ ಅಂಗಡಿಗಳೇ. ಅವರನ್ನು ಈ ಪುಸ್ತಕದ ಪಟ್ಟಿ ಕಟ್ಟಿಹಾಕುವುದಿಲ್ಲ. ಒಂದು ಪುಸ್ತಕವೂ ಇಲ್ಲದೆ ಸಾವಿರ ಬಗೆಯ ಮದ್ದು ಮಾರಬಹುದು. ಬೇಲಿ ಹಾಕಿದ್ದಾರೆ, ದನ ನುಗ್ಗುವ ಕಡೆ ಮಾತ್ರ ಬಿಟ್ಟಿದ್ದಾರೆ.

ಆ ಪುಸ್ತಕಗಳ ಕತೆಯನ್ನೂ ಕೇಳಿ. ನ್ಯಾಷನಲ್ ಫಾರ್ಮುಲರಿ ಮೊದಲು ಬಂದದ್ದು 1960ರಲ್ಲಿ. ಎರಡನೆಯದು 1966ರಲ್ಲಿ, ಮೂರನೆಯದು 1979ರಲ್ಲಿ. ನಾಲ್ಕನೆಯದಕ್ಕೆ 2011ರ ತನಕ ಕಾಯಬೇಕಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ! ಅಷ್ಟರಲ್ಲಿ ಎಷ್ಟು ಮದ್ದು ಬಂತು, ಎಷ್ಟು ಹೋಯಿತು. ಆ ವರ್ಷಗಳಲ್ಲಿ ಅಂಗಡಿಯವರ ಕೈಯಲ್ಲಿ ಇದ್ದದ್ದು ಕಂಪನಿ ಏಜೆಂಟರು ಕೊಟ್ಟ ಬಣ್ಣದ ಹಾಳೆಗಳು ಮತ್ತು ಸಿಮ್ಸ್, ಮಿಮ್ಸ್‌ನಂಥ ಖಾಸಗಿ ಪುಸ್ತಕಗಳು. ಈ ಪುಸ್ತಕಗಳು ಉಪಯೋಗಕ್ಕೆ ಬಾರದವು ಅಂತ ನಾವು ಹೇಳುವುದಿಲ್ಲ. ಯಾವ ಬ್ರಾಂಡಿನಲ್ಲಿ ಯಾವ ಮದ್ದಿದೆ ಎಂದು ತಿಳಿಯಲು ಅವೇ ದಾರಿ. ಆದರೆ ಜನರ ದುಡ್ಡಿನಲ್ಲಿ, ಜನರಿಗಾಗಿ ಬರಬೇಕಾದ ಪುಸ್ತಕ ಮೂರು ದಶಕ ಮಲಗಿತ್ತು ಎನ್ನುವುದನ್ನು ಮರೆಯಬೇಡಿ. 2016ರಲ್ಲಿ ಐದನೆಯದು, 2021ರಲ್ಲಿ ಆರನೆಯದು ಬಂದಿವೆ. ಬಂದ ಪುಸ್ತಕ ನಿಮ್ಮ ಊರಿನ ಯಾವ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದೆ, ಹೇಳಿ ನೋಡೋಣ.

ಇನ್ನು ಮನುಷ್ಯನ ವಿಷಯ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಕಾರ ಫಾರ್ಮಸಿಸ್ಟ್ ಎಂದರೆ ಪೊಟ್ಟಣ ಕಟ್ಟುವವನಲ್ಲ. ಮದ್ದಿನ ಹೆಸರೇನು, ಯಾಕೆ, ಎಷ್ಟು ದಿನ, ಯಾವ ಅಡ್ಡ ಪರಿಣಾಮಕ್ಕೆ ಎಚ್ಚರ ಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಇವನ್ನೆಲ್ಲ ರೋಗಿಗೆ ತಿಳಿಸಿ ಹೇಳುವುದು ಅವನ ಕೆಲಸ. ಆದರೆ ಎಷ್ಟೋ ಕಡೆ ಸರ್ಟಿಫಿಕೇಟು ಗೋಡೆಯ ಮೇಲೆ ಇರುತ್ತದೆ, ಸರ್ಟಿಫಿಕೇಟಿನ ಯಜಮಾನ ಊರಲ್ಲೇ ಇರುವುದಿಲ್ಲ. ತಿಂಗಳಿಗಿಷ್ಟು ಅಂತ ಅದನ್ನು ಬಾಡಿಗೆಗೆ ಕೊಟ್ಟಿರುತ್ತಾನೆ.

ಇಲ್ಲಿ ನಾವು ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಸ್ಕಾಲರ್‌ಷಿಪ್ಪಿನಲ್ಲಿ ಓದಿ ಡಿ.ಫಾರ್ಮ ಮುಗಿಸಿದ ನಮ್ಮ ಹುಡುಗರೂ ಆ ಬಾಡಿಗೆಯ ಸಾಲಿನಲ್ಲಿ ನಿಂತಿದ್ದಾರೆ. ಅವರ ಕಷ್ಟ ನಮಗೆ ಗೊತ್ತು. ಅಂಗಡಿ ಇಡಲು ಬಂಡವಾಳ ಇಲ್ಲ, ಮೇಲ್ಜಾತಿ ಬೀದಿಯಲ್ಲಿ ಮಳಿಗೆ ಬಾಡಿಗೆಗೆ ಕೊಡುವವರಿಲ್ಲ. ಆದರೂ ಕೇಳುತ್ತೇವೆ. ತಮ್ಮಾ, ಕೇರಿಯಲ್ಲಿ ಮೊದಲ ಬಾರಿಗೆ ಮದ್ದಿನ ಅಕ್ಷರ ಕಲಿತವನು ನೀನು. ಆ ಅಕ್ಷರವನ್ನು ಗಾಜಿನ ಚೌಕಟ್ಟಿನಲ್ಲಿ ಮಾರಿ, ನಿಮ್ಮವ್ವನನ್ನು ಅದೇ ಅಂಗಡಿಯ ಕತ್ತರಿಗೆ ಒಪ್ಪಿಸಿದೆಯಲ್ಲ? ಬಾಬಾಸಾಹೇಬರ ಫೋಟೋವನ್ನು ಗೋಡೆಗೆ ತಗುಲಿಹಾಕಿ ಕೈಕಟ್ಟಿ ಕೂರುವವರಿಗೂ ನಿನಗೂ ಏನು ವ್ಯತ್ಯಾಸ?

ಸರ್ಕಾರದ ಎಚ್ಚರಿಕೆ ಎಲ್ಲಿ ಬಚ್ಚಿಟ್ಟಿದೆ?

ಈ ಕಾಗದಕ್ಕೆ ಬೆಲೆ ಇಲ್ಲ ಅನ್ನುವವರಿಗೆ ಒಂದು ಉದಾಹರಣೆ. ಅನಾಲ್ಜಿನ್ ಎಂಬ ನೋವಿನ ಮದ್ದು ಕೆಲವರಲ್ಲಿ ರಕ್ತದ ಬಿಳಿ ಕಣಗಳನ್ನು ಅಪಾಯ ಆಗುವಷ್ಟು ಇಳಿಸುತ್ತದೆ. 2013ರ ಜೂನಿನಲ್ಲಿ ಕೇಂದ್ರ ಸರ್ಕಾರ ಅದರ ಮಾರಾಟ ತಡೆಯಿತು. 2014ರಲ್ಲಿ ತಡೆ ತೆಗೆಯಿತು, ಷರತ್ತಿನ ಮೇಲೆ. ಏನು ಷರತ್ತು? ತೀವ್ರ ನೋವಿಗೆ, ಗಡ್ಡೆಯಿಂದ ಬರುವ ನೋವಿಗೆ, ಬೇರೆ ಮದ್ದಿಗೆ ಇಳಿಯದ ಜ್ವರಕ್ಕೆ ಮಾತ್ರ ಇದು ಎಂದು ಕಂಪನಿ ಡಬ್ಬಿಯೊಳಗಿನ ಕಾಗದದಲ್ಲಿ ಬರೆಯಬೇಕು! ಸಕ್ಕರೆ ಕಾಯಿಲೆಯ ಪಯೊಗ್ಲಿಟಜೋನ್ ಕತೆಯೂ ಹೀಗೇ. ಅದೇ 2013ರಲ್ಲಿ ತಡೆ ಬಂತು, ತಿಂಗಳೊಪ್ಪತ್ತಿನಲ್ಲಿ ತಡೆ ಹೋಯಿತು, ಎಚ್ಚರಿಕೆಯನ್ನು ಕಾಗದದಲ್ಲಿ ಅಚ್ಚು ಹಾಕಿ ಎಂದರು.

ನೋಡಿ ಆಟ! ಅಪಾಯದ ಮದ್ದು ಮಾರುಕಟ್ಟೆಗೆ ವಾಪಸು ಬರುವುದು ಕಾಗದದ ಬಲದ ಮೇಲೆ. ಆ ಕಾಗದ ಇಂಗ್ಲಿಷಿನಲ್ಲಿ. ನೆತ್ತಿಯ ಮೇಲೆ ನಿಮಗಲ್ಲ ಎಂಬ ಸಾಲು. ಕೊನೆಗೆ ಕಸದ ಬುಟ್ಟಿ. ಸರ್ಕಾರ ಎಚ್ಚರಿಸಿತು, ಕಂಪನಿ ಅಚ್ಚು ಹಾಕಿತು, ಎಲ್ಲರೂ ಕೈ ತೊಳೆದುಕೊಂಡರು. ಎರಡು ಮಾತ್ರೆ ಕೊಂಡವನಿಗೆ ಏನು ತಲುಪಿತು?

ಈಗ ಕ್ಯೂಆರ್ ಕೋಡ್ ಬಂದಿದೆ, ಫೋನು ಹಿಡಿದರೆ ಸಾಕು ಅಂತಾರೆ. 2023ರ ಆಗಸ್ಟ್ 1ರಿಂದ 300 ಬ್ರಾಂಡುಗಳಿಗೆ ಅದು ಕಡ್ಡಾಯ. ನಿಯಮದಲ್ಲಿ ಅದರೊಳಗೆ ಏನಿರಬೇಕೆಂದು ಹೇಳಿದೆ? ಮದ್ದಿನ ಹೆಸರು, ಕಂಪನಿ ಹೆಸರು ವಿಳಾಸ, ಬ್ಯಾಚ್ ನಂಬರು, ತಯಾರಾದ ತಾರೀಕು, ಮುಗಿಯುವ ತಾರೀಕು, ಲೈಸೆನ್ಸ್ ನಂಬರು. ಕಳ್ಳ ಮಾಲು ಹಿಡಿಯಲು ಒಳ್ಳೆಯದೇ. ಆದರೆ ಮೂತ್ರ ಕೆಂಪಾದರೆ ಹೆದರಬೇಡ ತಾಯಿ ಅನ್ನುವ ಸಾಲನ್ನು ಆ ನಿಯಮ ಕೇಳಿಲ್ಲ.

"ಓದಿದರೆ ಹೆದರ್ತಾರೆ"

ನಾವು ಈ ಮಾತು ಎತ್ತಿದ ಕೂಡಲೇ ದೊಡ್ಡವರು ಹೇಳುವುದು ಇದನ್ನೇ. ಅಡ್ಡ ಪರಿಣಾಮ ಎಲ್ಲ ಓದಿದರೆ ಜನ ಹೆದರಿ ಮಾತ್ರೆ ಬಿಡ್ತಾರೆ. ಅರ್ಧಂಬರ್ಧ ತಿಳಿದವರು ತಾವೇ ಡಾಕ್ಟರಾಗ್ತಾರೆ.

ಇದು ಹಳೆಯ ರಾಗ. ಶೂದ್ರ, ಪಂಚಮರ ಕಿವಿಗೆ ವೇದ ಬಿದ್ದರೆ ಅವರಿಗೇ ಕೇಡು ಅಂದವರ ರಾಗ. ನಮ್ಮ ಗೆಳೆಯನ ಅವ್ವ ಓದಿ ಹೆದರಲಿಲ್ಲ, ಓದಲು ಏನೂ ಇಲ್ಲದೆ ಹೆದರಿದಳು. ಅರ್ಧ ತಿಳಿವಳಿಕೆ ಅಪಾಯ ಎನ್ನುವುದು ನಿಜವಾದರೆ ಪೂರ್ತಿ ತಿಳಿಸಿ. ಅರ್ಧ ಕತ್ತರಿಸಿ ಕೊಟ್ಟವರು ನೀವೇ ಅಲ್ಲವೆ?

ಬೇರೆ ದೇಶದಲ್ಲೂ ಇದು ಸುಮ್ಮನೆ ಸಿಕ್ಕಿದ್ದಲ್ಲ. 1970ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಗರ್ಭನಿರೋಧಕ ಮಾತ್ರೆಯ ಅಪಾಯಗಳ ಬಗ್ಗೆ ವಿಚಾರಣೆ ನಡೆಯಿತು. ಮಾತ್ರೆ ನುಂಗುವ ಹೆಂಗಸರನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಸಭಿಕರ ಸಾಲಿನಲ್ಲಿ ಕೂತಿದ್ದ ಯುವತಿಯರು ಎದ್ದು ನಿಂತು ಕೂಗಿದರು, ನಮಗೇಕೆ ಹೇಳಲಿಲ್ಲ ಎಂದು ಕೇಳಿದರು. ಅದೇ ವರ್ಷ ಆ ಮಾತ್ರೆಯ ಜೊತೆ ಹೆಂಗಸರೇ ಓದುವಂಥ ಕಾಗದ ಇಡಬೇಕು ಎಂದು ಆದೇಶವಾಯಿತು. 1980ರಲ್ಲಿ ಇನ್ನೂ 10 ಬಗೆಯ ಮದ್ದುಗಳಿಗೆ ಇಂಥ ಕಾಗದ ಬೇಕು ಎಂಬ ನಿಯಮ ಬಂತು. 1982ರಲ್ಲಿ ರೇಗನ್ ಸರ್ಕಾರ ಅದನ್ನು ಕಿತ್ತುಹಾಕಿತು. ಗೆದ್ದದ್ದನ್ನು ಕಾಯದಿದ್ದರೆ ಹೀಗೇ ಆಗುತ್ತದೆ.

ಯುರೋಪಿನಲ್ಲಿ 1992ರ ನಿರ್ದೇಶನದ ಪ್ರಕಾರ ಮದ್ದಿನ ಕಾಗದ ರೋಗಿಗೆ ಅರ್ಥವಾಗುವ ಮಾತಿನಲ್ಲಿ, ಮದ್ದು ಮಾರುವ ದೇಶದ ಆಡಳಿತ ಭಾಷೆಯಲ್ಲಿ ಇರಬೇಕು. ಎಸ್ಟೋನಿಯ ಎಂಬ ಪುಟ್ಟ ದೇಶದ ಜನಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷ. ಅವರಿಗೆ ಅವರ ಭಾಷೆಯಲ್ಲಿ ಕಾಗದ ಇದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ನಮಗೆ ಯಾಕಿಲ್ಲ?

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಕನ್ನಡದ ಮಾನ ಹೋಯಿತೆಂದು ಬೀದಿಗಿಳಿದವರು, ಹಾಸ್ಟೆಲ್ ಹುಡುಗರ ಮೇಲೆ ಕೈಮಾಡಿದವರು ಇದ್ದರು. ಮದ್ದಿನ ಡಬ್ಬಿಯಲ್ಲಿ ಕನ್ನಡ ಇಲ್ಲ ಎಂದು ಅವರು ಬೀದಿಗಿಳಿದದ್ದನ್ನು ನಾವು ಕಂಡಿಲ್ಲ. ನಾವು ಇಂಗ್ಲಿಷನ್ನು ಬಿಡುವವರಲ್ಲ. ಇಂಗ್ಲಿಷ್ ನಮಗೆ ಬೇಕು, ಕಲಿತೇ ತೀರುತ್ತೇವೆ. ಆದರೆ ನಾವು ಇಂಗ್ಲಿಷ್ ಕಲಿಯುವ ತನಕ ನಮ್ಮ ಅವ್ವಂದಿರು ಸಾಯದೆ ಇರಬೇಕಲ್ಲ?

ಹಾಸ್ಟೆಲ್ ಟ್ರಂಕಿನೊಳಗೆ

ದೂರದ ಮಾತು ಸಾಕು. ನಮ್ಮ ಟ್ರಂಕು ತೆಗೆಯೋಣ. ಎಷ್ಟು ಜನರ ಟ್ರಂಕಿನಲ್ಲಿ ಮುಖ ಬೆಳ್ಳಗಾಗುವ ಟ್ಯೂಬ್ ಇದೆ? ಅದರ ಮೇಲಿನ ಸಣ್ಣ ಅಕ್ಷರ ಓದಿದ್ದೀರಾ? ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಚರ್ಮದ ಕಾಯಿಲೆಗೆ ಡಾಕ್ಟರು ಲೆಕ್ಕ ಹಾಕಿ ಕೆಲವೇ ದಿನಕ್ಕೆ ಕೊಡುವ ಮದ್ದು. ತಿಂಗಳುಗಟ್ಟಲೆ ಮುಖಕ್ಕೆ ತಿಕ್ಕಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ಗೆರೆ ಏಳುತ್ತದೆ, ಮೊಡವೆ ಕೂದಲು ಬರುತ್ತವೆ. ಬಿಟ್ಟರೆ ಉರಿ ಕೆರಳುತ್ತದೆ, ಮತ್ತೆ ಹಚ್ಚಬೇಕು ಅನ್ನಿಸುತ್ತದೆ. 2018ರಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಷೆಡ್ಯೂಲ್ ಎಚ್‌ಗೆ ಸೇರಿಸಿದರು. ಕಪ್ಪು ಕೀಳು ಅಂತ ಜಾತಿ ನಮಗೆ ಕಲಿಸಿತು. ಆ ಕೀಳರಿಮೆಯನ್ನು ಟ್ಯೂಬಿಗೆ ತುಂಬಿ ನಮಗೇ ಮಾರುತ್ತಿದ್ದಾರೆ. ಟ್ಯೂಬಿನ ಡಬ್ಬಿಯೊಳಗಿನ ಕಾಗದ ಬಿಚ್ಚಿ ಓದಿದರೆ ಅರ್ಧ ಮೋಸ ಅಲ್ಲೇ ಬಯಲಾಗುತ್ತದೆ. ಬಹಳ ದಿನದಿಂದ ಹಚ್ಚುತ್ತಿರುವವರು ಹಠಾತ್ತಾಗಿ ಬಿಡದೆ ಚರ್ಮದ ಡಾಕ್ಟರಿಗೆ ತೋರಿಸಿ.

ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ನೋಡಿ. ಮಲ ಕಪ್ಪಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಕಪ್ಪಾದ ದಿನ ಹುಡುಗಿಯರು ಹೆದರಿ ಕಿಟಕಿಯಾಚೆ ಎಸೆಯುತ್ತಾರೆ. ಅದರಿಂದ ಕೇಡಿಲ್ಲ. ಚಹಾ ಜೊತೆ ನುಂಗಿದರೆ ಮಾತ್ರ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇನ್ನೊಂದು. ಜ್ವರಕ್ಕೆ ಅಂತ ಒಂದು ಮಾತ್ರೆ, ನೆಗಡಿಗೆ ಅಂತ ಇನ್ನೊಂದು ನುಂಗುತ್ತೇವೆ. ಎಷ್ಟೋ ಸಾರಿ ಎರಡರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ದಿನಕ್ಕೆ 4 ಗ್ರಾಂ ದಾಟಿದರೆ ದೊಡ್ಡವರ ಯಕೃತ್ತಿಗೂ ಪೆಟ್ಟು. ಕ್ಷಯದ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಗ್ಗಿಸುತ್ತದೆ. ಮದುವೆಯಾದ ನಮ್ಮ ಎಷ್ಟು ಅಕ್ಕಂದಿರಿಗೆ ಇದನ್ನು ಹೇಳಿದ್ದಾರೆ?

ಓದುವುದು ಹೇಗೆ?

ಮೊದಲು ಬ್ರಾಂಡ್ ಹೆಸರು ಬಿಡಿ, ಮದ್ದಿನ ನಿಜವಾದ ಹೆಸರು ಹುಡುಕಿ. ಅದು ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ. ಎಷ್ಟು ಮಿಲಿಗ್ರಾಂ ನೋಡಿ. ಆಮೇಲೆ ತಾರೀಕು. ಕಾಗದ ಸಿಕ್ಕಿದರೆ ಮೊದಲ ಸಾಲಿನಿಂದ ಹಿಡಿದು ಓದಲು ಹೋಗಿ ಸುಸ್ತಾಗಬೇಡಿ. ಕಾಂಟ್ರಾಇಂಡಿಕೇಷನ್ಸ್ ಅಂತ ಇರುವ ಕಡೆ ಹೋಗಿ, ಯಾರಿಗೆ ಕೊಡಬಾರದು ಎನ್ನುವುದು ಅಲ್ಲಿದೆ. ವಾರ್ನಿಂಗ್ಸ್ ಓದಿ. ಇಂಟರಾಕ್ಷನ್ಸ್ ಓದಿ, ನೀವು ನುಂಗುತ್ತಿರುವ ಬೇರೆ ಮದ್ದಿನ ಹೆಸರು ಅಲ್ಲಿದೆಯೇ ನೋಡಿ. ಆಮೇಲೆ ಅಡ್ವರ್ಸ್ ರಿಯಾಕ್ಷನ್ಸ್. ಅಲ್ಲಿ ಉದ್ದದ ಪಟ್ಟಿ ಇರುತ್ತದೆ. ಸಾಮಾನ್ಯ ಯಾವುದು, ಅಪರೂಪ ಯಾವುದು ಬೇರೆ ಮಾಡಿ.

ಕಾಗದ ಬರೆಯುವುದು ಮದ್ದು ಮಾರುವ ಕಂಪನಿಯೇ ಎನ್ನುವುದು ನೆನಪಿರಲಿ. ಒಂದೇ ಕಂಪನಿ ಒಂದೇ ಮದ್ದಿಗೆ ಅಮೆರಿಕದಲ್ಲಿ ಒಂದು ಎಚ್ಚರಿಕೆ, ಲ್ಯಾಟಿನ್ ಅಮೆರಿಕದ ಬಡ ದೇಶಗಳಲ್ಲಿ ಇನ್ನೊಂದು ಎಚ್ಚರಿಕೆ ಬರೆಯುತ್ತಿದ್ದುದನ್ನು ಮಿಲ್ಟನ್ ಸಿಲ್ವರ್‌ಮನ್ 1976ರಲ್ಲೇ ಪುಸ್ತಕ ಬರೆದು ಬಯಲು ಮಾಡಿದರು. ಆದ್ದರಿಂದ ಕಾಗದವನ್ನು ಫಾರ್ಮುಲರಿಯ ಜೊತೆ ಇಟ್ಟು ನೋಡಿ. ಪುಸ್ತಕ ತೆಗೆದ ಕೂಡಲೇ ಅದರ ಇಸವಿ ನೋಡಿ. ಹಳೆಯ ಪುಸ್ತಕ ಹಳೆಯ ಮಾತನ್ನೇ ಹೇಳುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಓದುವುದು ಕೇಳುವುದಕ್ಕೆ, ಮದ್ದು ಬಿಡುವುದಕ್ಕಲ್ಲ. ಕಾಗದ ಓದಿ ಕ್ಷಯದ ಮಾತ್ರೆ ನಿಲ್ಲಿಸಿದರೆ ಅವ್ವ ಮಾಡಿದ್ದನ್ನೇ ನಾವು ಇಂಗ್ಲಿಷ್ ಓದಿ ಮಾಡಿದಂತಾಯಿತು. ಅನುಮಾನ ಬಂದರೆ ಡಾಕ್ಟರ ಮುಂದೆ, ಫಾರ್ಮಸಿಸ್ಟನ ಮುಂದೆ ಕಾಗದ ಇಟ್ಟು, ಈ ಸಾಲು ಏನು ಹೇಳಿ ಸಾರ್ ಎಂದು ಕೇಳಿ. ಹೊಸ ಮದ್ದು ತೆಗೆದುಕೊಂಡ ಮೇಲೆ ಮೈಮೇಲೆ ಗುಳ್ಳೆ ಎದ್ದು ಬಾಯಿ ಹುಣ್ಣಾದರೆ, ಮುಖ ಊದಿದರೆ, ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ ಓದುತ್ತಾ ಕೂರಬೇಡಿ. ಉಳಿದ ಮಾತ್ರೆ ಹಿಡಿದುಕೊಂಡು ಅದೇ ಗಳಿಗೆ ಆಸ್ಪತ್ರೆಗೆ ಓಡಿ.

ಮದ್ದಿನಿಂದ ಕೇಡಾದರೆ ದೂರು ಕೊಡುವ ದಾರಿಯೂ ಇದೆ. ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ರೋಗಿಯೇ ತುಂಬಬಹುದಾದ ಫಾರಂ ಕನ್ನಡದಲ್ಲೂ ಇದೆ. ದುಡ್ಡಿಲ್ಲದೆ ಕರೆ ಮಾಡಲು 1800-180-3024. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ 1997ರಲ್ಲೇ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರ ತೆರೆಯಿತು. ಇಂಥವು ನಮ್ಮ ತೆರಿಗೆಯಲ್ಲಿ, ನಮ್ಮ ಹೆಸರಿನಲ್ಲಿ ಇವೆ. ನಮ್ಮ ಕೇರಿಯಿಂದ ಎಷ್ಟು ಪ್ರಶ್ನೆ ಹೋಗಿದೆ? ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ನಮ್ಮ ಹಕ್ಕೊತ್ತಾಯ

ಒಂದು, ಮದ್ದಿನ ಕಾಗದ ರೋಗಿ ಓದುವಂತೆ ಕನ್ನಡದಲ್ಲಿ ಬರಲಿ. ಎರಡು ಮಾತ್ರೆ ಕೊಂಡವರಿಗೂ ಅದು ಸಿಗಲಿ.

ಎರಡು, ಸರ್ಕಾರ ಪುಕ್ಕಟೆ ಕೊಡುವ ಕ್ಷಯದ ಮಾತ್ರೆ, ಕಬ್ಬಿಣಾಂಶದ ಮಾತ್ರೆಯ ಜೊತೆ ದೊಡ್ಡ ಅಕ್ಷರದ ಕನ್ನಡ ಹಾಳೆ ಇರಲಿ, ಓದು ಬಾರದವರಿಗೆ ಓದಿ ಹೇಳಲಿ. ಪುಕ್ಕಟೆ ಎಂದರೆ ಬಾಯಿ ಮುಚ್ಚಿಕೊಂಡು ನುಂಗು ಎಂದಲ್ಲ.

ಮೂರು, ಎಲ್ಲ ಔಷಧಿ ಅಂಗಡಿಯಲ್ಲೂ ಹೊಸ ಆವೃತ್ತಿಯ ಫಾರ್ಮುಲರಿ ಇರಲಿ. ಗಿರಾಕಿ ಕೇಳಿದರೆ ತೆಗೆದು ತೋರಿಸಲಿ.

ನಾಲ್ಕು, ಗೋಡೆಯ ಮೇಲಿನ ಸರ್ಟಿಫಿಕೇಟು ಸಾಲದು. ಅದರ ಯಜಮಾನ ಕೌಂಟರಿನಲ್ಲಿ ನಿಲ್ಲಲಿ.

ಐದು, ಪ್ರತಿ ಹಾಸ್ಟೆಲಿನ ಲೈಬ್ರರಿಗೆ ಒಂದು ಫಾರ್ಮುಲರಿ.

ಇವು ಬರುವ ತನಕ ಸುಮ್ಮನೆ ಕೂರುವುದೆ? ಬೇಡ. ಈ ಭಾನುವಾರವೇ ಶುರು ಮಾಡಿ. ಅಂಗಡಿಗೆ ಹೋಗಿ, ಕಸದ ಬುಟ್ಟಿಗೆ ಹಾಕುವ ಕಾಗದಗಳನ್ನು ನಮಗೆ ಕೊಡಿ ಅಣ್ಣಾ ಎಂದು ಕೇಳಿ. ಒಂದು ನೋಟ್‌ಬುಕ್ಕಿಗೆ ಅಂಟಿಸಿ. ಸೈನ್ಸ್ ಓದುವವರು, ನರ್ಸಿಂಗ್ ಓದುವವರು, ಡಿ.ಫಾರ್ಮ ಓದುವವರು ಸುತ್ತ ಕೂತು ಒಂದೊಂದನ್ನೂ ಆಡುಮಾತಿನ ಕನ್ನಡಕ್ಕೆ ತನ್ನಿ. ನಮ್ಮ ಪರ ಇರುವ ಒಬ್ಬ ಡಾಕ್ಟರಿಗೆ ತೋರಿಸಿ ತಪ್ಪು ತಿದ್ದಿಸಿ. ಊರಿಗೆ ಹೋದಾಗ ಕೇರಿಯ ಜಗಲಿಯಲ್ಲಿ ಗಟ್ಟಿಯಾಗಿ ಓದಿ. ಮೊದಲು ಕ್ಷಯದ ಮಾತ್ರೆಯಿಂದ ಶುರು ಮಾಡಿ.

ನಮ್ಮ ಗೆಳೆಯ ಈಗ ಅದನ್ನೇ ಮಾಡುತ್ತಾನೆ. ಯಾವ ಕೇರಿಗೆ ಹೋದರೂ ಮೊದಲು ಆ ಕೆಂಪು ಮೂತ್ರದ ಸಾಲನ್ನು ಹೇಳುತ್ತಾನೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಅವನು ನಗುವುದಿಲ್ಲ. ಇನ್ನೊಂದು ಸಾರಿ ಹೇಳುತ್ತಾನೆ.

ಕೆರೆಯ ನೀರು ನಮ್ಮದು ಎಂದು ಮುಟ್ಟಿದವರ ಮಕ್ಕಳು ನಾವು. ನಾವು ನುಂಗುವ ಮದ್ದಿನ ಅಕ್ಷರವೂ ನಮ್ಮದೇ.

ಜೈ ಭೀಮ್.